ಬೈಯುವುದಕ್ಕಿದ್ದ ಆಯಿಷಾ ಟೀಚರ್

ಆಯಿಷಾ ಟೀಚರ್ ಬೈದರೆ ಮೆಲ್ಕಾರಿನಲ್ಲಿ ಬಸ್ಸಿಗೆ ಕಾಯುವವರೂ ನೆಟ್ಟಗೆ ನಿಲ್ಲುತ್ತಿದ್ದರು. ಅಂಥ ಸ್ವರ. ಅಮ್ಮನ ಒಂದು ಕಿಡ್ನಿ ನನ್ನ ಹೊಟ್ಟೆ ಸೇರಿದ ಮೇಲೆ ನನ್ನನ್ನು ಬೈಯುವ ಧೈರ್ಯ ಉಳಿದದ್ದು ಅವರೊಬ್ಬರಿಗೇ. ಉಳಿದವರಿಗೆ ನಾನು ಕಪಾಟಿನ ಪಿಂಗಾಣಿ. ಮುಖ ಮಾತ್ರ, ಮಾತ್ರೆಗಳ ದಯೆಯಿಂದ ಊದಿ, ಬಲಿತ ಹಲಸು.

ಆಸ್ಪತ್ರೆಯಿಂದ ಬಂದವನಿಗೆ ಹಸಿವು ಬಂತು, ಮಗ್ಗಿ ಬರಲಿಲ್ಲ. ಸಂಜೆ ಕಲಿತದ್ದು ಬೆಳಿಗ್ಗೆ ಇರುತ್ತಿರಲಿಲ್ಲ. "ತುಂಬಾ ಕಾಲ ರಕ್ತ ಕೆಟ್ಟಿತ್ತಲ್ಲ, ಮಿದುಳಿಗೂ ಸುಸ್ತು. ಕಲಿಯುತ್ತಾನೆ, ನಿಧಾನ" ಎಂದಿದ್ದರು ಡಾಕ್ಟರು. ನಿಧಾನ ಎಂದರೆ ಎಷ್ಟು ಎಂದು ಕೇಳಲು ಅಮ್ಮನಿಗೆ ಭಯ. ಮಗ್ಗಿ ಒಪ್ಪಿಸದಿದ್ದರೆ ಮತ್ತೆ ಮೂರನೆಯ ಕ್ಲಾಸಿನಲ್ಲೇ ಕೂರಲಿ ಎಂದರು ಹೆಡ್ಮಾಷ್ಟ್ರು.

ಸೋಂಕಿನ ಹೆದರಿಕೆಯಿಂದ ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಟೀಚರ್ ಬಂದು ನಮ್ಮ ಜಗಲಿಯಲ್ಲಿ ಕೂತು, ಕಿಟಕಿಯಿಂದಲೇ ಪಾಠ ಹೇಳುತ್ತಿದ್ದರು.

"ಏಳೆಂಟ್ಲ ಎಷ್ಟು?"

ಉತ್ತರ ಬಾರದೆ ನಾನು ಬಸ್ ಕಂಡಕ್ಟರನ ಸ್ವರ ತೆಗೆದೆ. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಖಾಲಿ ಉಂಟು!"

ಅಮ್ಮ ನಕ್ಕಳು. ಟೀಚರ್ ನಗಲಿಲ್ಲ. "ಕಳ್ಳ! ಅವನ ಮಾತು ಒಂದಕ್ಷರ ಬಿಡದೆ ನೆನಪುಂಟು, ಮಗ್ಗಿ ಮಾತ್ರ ಮರೆಯುವುದಾ? ಇನ್ನು ಏಳರ ಮಗ್ಗಿ ಆ ಕಂಡಕ್ಟರನೇ ಹೇಳಲಿ."

"ಟೀಚರ್, ಪಾಪ ಅವನು..."

"ಪಾಪ ಇಲ್ಲ, ಎಂತ ಇಲ್ಲ. ಪಾಪ ಪಾಪ ಹೇಳಿಯೇ ನೀವು ಅವನನ್ನು ದಡ್ಡ ಮಾಡುವುದು."

ಹಾಗೆ ಏಳರ ಮಗ್ಗಿ ಕಂಡಕ್ಟರನದ್ದಾಯಿತು, ಎಂಟರದ್ದು ಮೀನಿನವಳದ್ದು. ಒಂಬತ್ತನ್ನು, ಟೀಚರಿಗೂ ಹೇಳದೆ, ಹೆಡ್ಮಾಷ್ಟ್ರಿಗೇ ಕೊಟ್ಟಿದ್ದೆ. ಪರೀಕ್ಷೆಯ ದಿನ ಶಾಲೆಗೆ ಹೋದರೆ ಅವರು ಕೇಳಿದ್ದೂ ಒಂಬತ್ತನ್ನೇ! ಬೇರೆ ಸ್ವರದಲ್ಲಿ ನನಗದು ಬರುವುದಿಲ್ಲ. ಮೂಗಿನಿಂದ ಶುರು ಮಾಡಿದೆ, ನಡುನಡುವೆ ಅವರದೇ ಕೆಮ್ಮು. ತೊಂಬತ್ತಕ್ಕೆ ಬಂದು ನಿಂತಾಗ ಅವರ ಕೈ ಬೆತ್ತದ ಮೇಲಿತ್ತು.

"ಉತ್ತರ ತಪ್ಪುಂಟಾ ಸರ್?" ಬಾಗಿಲಿಂದ ಟೀಚರ್ ಕೇಳಿದರು.

"ಉತ್ತರ ಸರಿ. ಆದರೆ..."

"ಹಾಗಾದರೆ ಪಾಸು ಮಾಡಿ. ಮಂಗಾಟಕ್ಕೆ ನಾನು ಬೈತೇನೆ."

ಬೈದರು, ಮನೆಯವರೆಗೂ. ಅಷ್ಟು ಸುಖದ ಬೈಗುಳ ಮತ್ತೆ ನನಗೆ ಸಿಕ್ಕಿಲ್ಲ.

ಮೂಡುಬಿದಿರೆಯಲ್ಲಿ ಪಿಯುಸಿ ಓದುವಾಗ ರಜೆಯಲ್ಲಿ ಟೀಚರನ್ನು ನೋಡಲು ಹೋದೆ. ಮಲಗಿದ್ದರು. ಗಂಟಲಿನ ಆಪರೇಷನ್ ಆಗಿ ಪಿಸುಮಾತಷ್ಟೇ ಉಳಿದಿತ್ತು.

"ಎಲ್ಲರದ್ದೂ ಮಾಡ್ತಿ. ನನ್ನದು ಮಾಡಲೇ ಇಲ್ಲ ಮೋನೇ" ಎಂದರು, ಸ್ವಂತ ಮಗನನ್ನು ಕರೆಯುವ ಹಾಗೆ.

"ಹೆದರಿಕೆ ಟೀಚರ್."

"ಈಗ ಮಾಡು. ನಾನೂ ಕೇಳದೆ ತುಂಬಾ ದಿನ ಆಯ್ತು."

ಮಾಡಿದೆ. ನನ್ನನ್ನೇ ಬೈದುಕೊಂಡೆ. ಕಣ್ಣು ಮುಚ್ಚಿ ಕೇಳಿದರು. "ಇಷ್ಟು ಜೋರಾ ನಾನು?" ಎಂದು ತುಟಿಯಲ್ಲೇ ನಕ್ಕರು. ಆ ಮಳೆಗಾಲ ಮುಗಿಯುವ ಮೊದಲೇ ಹೋದರು.

ಈಗಲೂ ಅಮ್ಮ ಕೆಲವೊಮ್ಮೆ, "ಟೀಚರ ಸ್ವರ ಒಮ್ಮೆ ತೆಗೆ" ಎನ್ನುತ್ತಾಳೆ. ತೆಗೆಯುತ್ತೇನೆ. ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಜಗಲಿಯ ಕಡೆ ನೋಡುತ್ತೇವೆ.