ಹುಸೇನಮ್ಮ ಕೇಳಿದ ಸಂಸ್ಕೃತ

ಮಸ್ಕಿಯ ಪಕೀರಪ್ಪ ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಮೂಟೆ ಹೊರುವ ಹಮಾಲಿ. ದಲಿತ ಸಂಘಟನೆಯ ಹೋರಾಟವೆಂದರೆ ಮುಂದಿನ ಸಾಲಿನವ. ದೇವರ ಹೆಸರು ಹೇಳಿ ನಮ್ಮನ್ನು ಹೊರಗೆ ನಿಲ್ಲಿಸಿದ ಭಾಷೆ ಎಂದು ಸಂಸ್ಕೃತವನ್ನು ಬೈಯದೆ ಅವನ ಭಾಷಣ ಮುಗಿಯುತ್ತಿರಲಿಲ್ಲ.

ಎಂಬತ್ತೈದರಲ್ಲಿ ಮಗಳು ಹುಸೇನಮ್ಮ ಲಿಂಗಸುಗೂರಿನ ಹೈಸ್ಕೂಲು ಸೇರಿ ಹಾಸ್ಟೆಲಿನಲ್ಲಿದ್ದಳು. ಮೊದಲ ಸಲ ಊರಿಗೆ ಬಂದವಳು ಉಣ್ಣುತ್ತ ಬಾಯಿಬಿಟ್ಟಳು.

"ಯಪ್ಪಾ, ನಾ ಸಂಸ್ಕೃತ ತಗೋತೀನಿ."

"ಏನಂದಿ ಬೇ?"

"ಸಿಟ್ಟಾಗಬ್ಯಾಡ, ಕೇಳು. ಗ್ರೀಕ್ ಅಂತ ಒಂದು ಭಾಷೆ ಐತಂತ. ಸಂಸ್ಕೃತದಾಗ ಏಳಕ್ಕ ಸಪ್ತ ಅಂದ್ರ ಅದರಾಗ ಹೆಪ್ತಾ. ಬಳಿ ಮಾರೋ ನಮ್ಮ ಲಾಲ್‌ಬೀ ಸಾತ್ ಅಂತಾಳಲ್ಲ, ಅದೂ ಅದಾ ಬಳಗ. ಕನ್ನಡದ ಬಳಗಾನಾ ಬ್ಯಾರೆ. ಸಾಲ್ಯಾಗ ಸಂಸ್ಕೃತದ ಮಾಸ್ತರು ಹೇಳಿದ್ರು, ಕಲಿಯಾಕ ಬಾ ಅಂದಾರ."

ಪಕೀರಪ್ಪ ನಕ್ಕ. "ಹಂಗಾರ ಲಾಲ್‌ಬೀ ಬಾಯಾಗಿಂದೂ ದೇವಭಾಷೆ ಆತೇನಬೇ?"

"ಅಲ್ಲಪ್ಪಾ, ಅದು ದೇವಭಾಷೆ ಅಲ್ಲಾ ಅಂತಾನಾ ನಾ ಹೇಳಾಕ..."

ಮುಗಿಸಗೊಡಲಿಲ್ಲ. "ಪೂಜಾರಿಗೋಳ ಹಂಗ ಮಣಮಣ ಅನ್ನಾಕ ನಿನ್ನ ಸಾಲಿಗೆ ಹಾಕಿಲ್ಲ. ಮಂದಿ ನನ್ನ ಮಾರಿಗೆ ಉಗುಳ್ತಾರ!"

ಮರುದಿನವೇ ಹೋಗಿ ಹಾಸ್ಟೆಲಿನಿಂದ ಅವಳ ಟ್ರಂಕು ಹೊತ್ತು ತಂದ. ಬೇರೆ ಶಾಲೆಗೆ ಹಾಕಿದರಾಯಿತು ಅಂದುಕೊಂಡಿದ್ದ. ಧರಣಿ, ಜಾಥಾಗಳ ನಡುವೆ ಅದು ಹಾಗೇ ಉಳಿಯಿತು. ಹುಸೇನಮ್ಮನಿಗೆ ವಳಕಮದಿನ್ನಿಯಲ್ಲಿ ಮದುವೆಯಾಯಿತು. ಕಾಲುವೆ ಕೆಳಗಿನ ಗದ್ದೆಗಳಲ್ಲಿ ಕೂಲಿಗೆ ನಿಂತಳು.

ತೊಂಬತ್ತಮೂರರಲ್ಲಿ ಸಿಂಧನೂರಿನಲ್ಲಿ ಸಂಘಟನೆಯ ಶಿಬಿರ. ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಬೋರ್ಡಿನ ಮೇಲೆ ಸಪ್ತ, ಹೆಪ್ತಾ, ಸಾತ್ ಎಂದು ಬರೆದರು. "ಸಂಸ್ಕೃತ ಯಾವ ದೇವರ ಬಾಯಿಂದಲೂ ಉದುರಿದ್ದಲ್ಲ. ಗ್ರೀಕ್, ಪಾರ್ಸಿ ಅದರ ಒಡಹುಟ್ಟಿದವು. ಉರ್ದುವೂ ಅದೇ ಮನೆತನದ್ದು. ಇದನ್ನು ಎದೆ ತಟ್ಟಿ ಹೇಳಬೇಕಾದರೆ ಸಂಸ್ಕೃತ ಕಲಿತವರು ನಮ್ಮಲ್ಲೂ ಇರಬೇಕು," ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕೀರಪ್ಪನ ಕೈ ಏಳಲಿಲ್ಲ. ಎದ್ದು ಹೋಗಿ ವಳಕಮದಿನ್ನಿಯ ಬಸ್ಸು ಹತ್ತಿದ.

ಮಗಳು ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಳು. ಬದುವಿನ ಮೇಲೆ ನಿಂತೇ ಎಲ್ಲ ಹೇಳಿದ. "ನೀ ಅಂದಿದ್ದಾ ಖರೆ ಇತ್ತು, ಯವ್ವಾ."

ಹುಸೇನಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. "ಸಾಲ್ಯಾಗಿನ ಆ ಮಾಸ್ತರು ಅವತ್ತಾ ಕಲಿಯಾಕ ಬಾ ಅಂದಿದ್ರು. ಬ್ಯಾಡ ಅಂದಾಂವ ನೀನಾ. ಈಗ ಹೇಳಾಕ ಬಂದೀಯಲ್ಲ, ಏನ್ ಮಾಡ್ಲಿ? ಈ ಸಸಿಗೆ ಸಂಸ್ಕೃತ ಕಲಿಸ್ಲೇನು?"

ಜೊತೆಯ ಹೆಂಗಸರು ಕಿಸಕ್ಕನೆ ನಕ್ಕರು. ಹುಸೇನಮ್ಮ ನಗಲಿಲ್ಲ. ಮಾತಾಡುವಷ್ಟರಲ್ಲಿ ಅವರೆಲ್ಲ ಹಚ್ಚುತ್ತ ದೂರ ಸರಿದಿದ್ದರು. ಅವರನ್ನು ಕೂಡಿಕೊಳ್ಳಲು ಅವಳು ಮತ್ತೆ ಬಗ್ಗಿದಳು.