ವೈರಸ್ಸಿಗೂ ಬೇಡವಾದ ಸಲಹೆ

ಮನುಷ್ಯ ಏನನ್ನು ಕಂಡು ಹೊಟ್ಟೆಕಿಚ್ಚು ಪಡಬೇಕು ಎನ್ನುವುದಕ್ಕೂ ಒಂದು ಮರ್ಯಾದೆ ಇದೆ. ಪಕ್ಕದ ಮನೆಯವರ ಕಾರು, ಷಡ್ಡಕನಿಗೆ ಸಿಕ್ಕ ಬಡ್ತಿ, ಐವತ್ತು ದಾಟಿದ ಮೇಲೂ ಗೆಳೆಯನ ತಲೆಯ ಮೇಲೆ ಉಳಿದುಕೊಂಡಿರುವ ಕೂದಲು, ಇವೆಲ್ಲ ನಾಲ್ಕು ಜನ ಒಪ್ಪುವಂಥ ಕಾರಣಗಳು. ನಾನು ಮಾತ್ರ ಒಮ್ಮೆ ನೆರೆಮನೆಯವನ ಕಂಪ್ಯೂಟರಿಗೆ ವೈರಸ್ ಬಂತೆಂದು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಕಂಪ್ಯೂಟರ್ ಕಂಡು ಅಲ್ಲ, ಅದು ನನ್ನದಕ್ಕಿಂತ ಕಡಿಮೆಯದು. ಅದಕ್ಕೆ ಬಂದ ವೈರಸ್ ಕಂಡು. ಅದು ನನಗೇಕೆ ಬರಲಿಲ್ಲ ಎಂದು ಎಷ್ಟೋ ದಿನ ಊಟ ರುಚಿಸಲಿಲ್ಲ.

ಆಗ ನಾವು ಧಾರವಾಡದ ಮಾಳಮಡ್ಡಿಯಲ್ಲಿದ್ದೆವು. ಹೊಸ ಶತಮಾನ ಶುರುವಾಗಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಓಣಿಗೆ ಮೊದಲ ಕಂಪ್ಯೂಟರ್ ತಂದವನು ನಾನು, ಇಂಟರ್ನೆಟ್ ತಂದವನೂ ನಾನೇ. ಆ ಕಾಲದ ಇಂಟರ್ನೆಟ್ ಟೆಲಿಫೋನಿನ ತಂತಿಯಲ್ಲೇ ಬರಬೇಕಿತ್ತು. ಮೋಡೆಮ್ ಎಂಬ ಡಬ್ಬಿ ಒಂದಷ್ಟು ಹೊತ್ತು ಕಿರುಚಾಡಿ, ಗೊರಗುಟ್ಟಿ, ತನ್ನ ಮನಸ್ಸಿಗೆ ಬಂದರೆ ಒಳಗೆ ಬಿಡುತ್ತಿತ್ತು. ಅದು ನಡೆದಿರುವಷ್ಟು ಹೊತ್ತು ಮನೆಗೆ ಯಾರ ಫೋನೂ ಬರುವಂತಿರಲಿಲ್ಲ. ನನ್ನ ಹೆಂಡತಿ ವತ್ಸಲಾಳಿಗೆ ಇದೇ ದೊಡ್ಡ ಸಿಟ್ಟು. "ನಿಮ್ಮ ಇಂಟರ್ನೆಟ್ಟಿನ್ಯಾಗ ಯಾರು ಬರ್ತಾರೋ ನನಗ ಗೊತ್ತಿಲ್ಲ. ನಮ್ಮ ತವರಮನಿಯವರ ಫೋನಂತೂ ಬರೂದು ಬಂದ್ ಆತು" ಎನ್ನುತ್ತಿದ್ದಳು.

ನನಗೆ ಇನ್ನೊಂದು ಹಿರಿಮೆಯೂ ಇತ್ತು. ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಸೋಮವಾರಕ್ಕೊಮ್ಮೆ ಕಂಪ್ಯೂಟರಿನ ಬಗ್ಗೆ ಅಂಕಣ ಬರೆಯುತ್ತಿದ್ದೆ. ಮಾರುಕಟ್ಟೆಗೆ ಯಾವ ಹೊಸ ಯಂತ್ರ ಬಂದಿದೆ, ಯಾವುದನ್ನು ಕೊಂಡರೆ ಕೈ ಸುಡುತ್ತದೆ, ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು, ಮೇಲ್ ಜೊತೆ ಬಂದ ಫೈಲನ್ನು ಏಕೆ ತೆರೆಯಬಾರದು ಎಂದೆಲ್ಲ ಊರಿಗೆ ಬುದ್ಧಿ ಹೇಳುತ್ತಿದ್ದೆ. ಊರು ಕೇಳಿಸಿಕೊಂಡಿತೋ ಇಲ್ಲವೋ ತಿಳಿಯುವಂತಿರಲಿಲ್ಲ. ಓದುಗರಿಂದ ಬಂದ ಒಂದೇ ಒಂದು ಪತ್ರ ಕಂಪ್ಯೂಟರ್ ಇಟ್ಟ ಕೋಣೆಯಲ್ಲಿ ಉಪ್ಪಿನಕಾಯಿ ಭರಣಿ ಇಡಬಹುದೇ ಎಂದು ಕೇಳಿತ್ತು. ಅದಕ್ಕೆ ನಾನು ಒಂದಿಡೀ ಸೋಮವಾರವನ್ನು ಖರ್ಚು ಮಾಡಿ ಉತ್ತರಿಸಿದೆ.

ಸಲಹೆ ಕೊಡುವ ಚಟ ಇದ್ದವನಿಗೆ ಸಲಹೆ ಕೇಳುವವರು ಸಿಗದಿದ್ದರೆ ಆಗುವ ಸಂಕಟ ಏನೆಂದು ನಿಮಗೆ ಹೇಗೆ ಹೇಳಲಿ? ನನಗೆ ಗೊತ್ತಿದ್ದದ್ದೆಲ್ಲ ಹೊಟ್ಟೆಯೊಳಗೇ ಉಳಿಯುತ್ತಿತ್ತು. ಓಣಿಯವರು ಏನೇ ಕೇಳುವುದಿದ್ದರೂ ನನ್ನ ಗೇಟು ದಾಟಿ ಪಕ್ಕದ ಚನ್ನಣ್ಣನ ಮನೆಗೆ ಹೋಗುತ್ತಿದ್ದರು.

ಚನ್ನಣ್ಣ ಅಮ್ಮಿನಬಾವಿಯವನು. ಧಾರವಾಡದ ಪೇಟೆಯಲ್ಲಿ ಅವನದೊಂದು ಬೀಜ ಗೊಬ್ಬರದ ಅಂಗಡಿ. ಅಂಗಡಿಯ ಲೆಕ್ಕಕ್ಕೆಂದು ಅವನೂ ಮನೆಗೊಂದು ಕಂಪ್ಯೂಟರ್ ಕೊಂಡ. ಕೊಳ್ಳುವ ಮೊದಲು ನನ್ನನ್ನು ಕೇಳಲಿಲ್ಲ, ಕೊಂಡ ಮೇಲೆ ಪೇಢೆ ಕೊಡಲು ಬಂದ. ಪೇಢೆ ಬಾಯಲ್ಲಿಟ್ಟುಕೊಂಡೇ ನಾನು ಪಾಸ್‌ವರ್ಡಿನ ಮಹತ್ವ ವಿವರಿಸತೊಡಗಿದೆ.

"ಇಟ್ಟೇನ್ರಿ ಸರ. ನಮ್ಮೂರಾಗಿನ ಎಮ್ಮಿ ಹೆಸರು, ಗೌರಿ ಅಂತ. ಓಣ್ಯಾಗ ಎಲ್ಲಾರಿಗೂ ಹೇಳೇನಿ" ಎಂದ.

"ಪಾಸ್‌ವರ್ಡ್ ಯಾರಿಗೂ ಹೇಳಬಾರ್ದರಿ ಚನ್ನಣ್ಣ."

"ಹೇಳದಿದ್ರ ಮಂದಿ ಒಳಗ ಹೆಂಗ ಬರತಾರ್ರಿ?"

ಯೋಚಿಸಿ ನೋಡಿದರೆ ತಪ್ಪು ಅವನದಲ್ಲ. ನಮ್ಮ ಕಡೆ ಹಗಲು ಹೊತ್ತು ಯಾರೂ ಮುಂಬಾಗಿಲು ಮುಚ್ಚುವುದಿಲ್ಲ. ಮುಚ್ಚಿದ್ದರೆ ಒಂದೋ ಮನೆಯವರು ಊರಲ್ಲಿಲ್ಲ, ಇಲ್ಲವೇ ಒಳಗೆ ಜಗಳ ನಡೆದಿದೆ ಎಂದರ್ಥ. ಇಂಥ ಊರಿಗೆ ಬೀಗದ ಕೈಯನ್ನು ಗುಟ್ಟಾಗಿಡಿ ಎಂದು ಸೋಮವಾರ ಸೋಮವಾರ ಬರೆಯುತ್ತಿದ್ದವನು ನಾನು. ಚನ್ನಣ್ಣನ ಕಂಪ್ಯೂಟರ್ ಬಲುಬೇಗ ಓಣಿಯ ಕಟ್ಟೆಯಾಯಿತು. ಪುಣೆಯ ಮಗಳಿಗೆ, ಬೆಳಗಾವಿಯ ಮಾವನಿಗೆ, ಯಾರು ಯಾರಿಗೆ ಬರೆಯುವುದಿದ್ದರೂ ಗೌರಿಯ ಹೆಸರು ಒತ್ತಿ ಅವನ ಮೇಲ್‌ನಿಂದಲೇ ಬರೆಯುತ್ತಿದ್ದರು. ಹಾಗೆ ಬರೆದ ವಿಳಾಸಗಳೆಲ್ಲ, ಆಮೇಲೆ ತಾವೂ ಕಂಪ್ಯೂಟರ್ ಕೊಂಡ ಓಣಿಯವರ ವಿಳಾಸಗಳೂ, ಅವನ ಕಂಪ್ಯೂಟರಿನಲ್ಲಿ ತಾವಾಗಿಯೇ ಸೇರಿಕೊಳ್ಳುತ್ತಿದ್ದವು. ನನಗೆ ನನ್ನದೇ ಮೇಲ್ ಇತ್ತು, ನನಗೇ ಆಗಾಗ ಮರೆತುಹೋಗುವಷ್ಟು ಭದ್ರವಾದ ಪಾಸ್‌ವರ್ಡ್ ಇತ್ತು. ನಾನು ಆ ಕಟ್ಟೆ ಹತ್ತಲಿಲ್ಲ.

ಆ ವರ್ಷ ಒಂದು ವೈರಸ್ ಬಂತು. ಬಲು ವಿನಯದ ವೈರಸ್. ಹೊಕ್ಕ ಕಂಪ್ಯೂಟರಿನಿಂದ ಯಾವುದೋ ಒಂದು ಫೈಲನ್ನು ಎತ್ತಿಕೊಂಡು, ಅಲ್ಲಿ ಸಿಕ್ಕ ವಿಳಾಸಗಳಿಗೆಲ್ಲ ಯಜಮಾನನ ಹೆಸರಿನಲ್ಲೇ ಕಳಿಸಿಬಿಡುವುದು ಅದರ ಕೆಲಸ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಒಕ್ಕಣೆ: ಈ ಫೈಲ್ ಕಳಿಸುತ್ತಿದ್ದೇನೆ, ಇದರ ಬಗ್ಗೆ ತಮ್ಮ ಸಲಹೆ ಬೇಕು. ಪಡೆದವರು ಫೈಲ್ ತೆರೆದರೆ ಅವರ ಕಂಪ್ಯೂಟರಿಗೂ ಹತ್ತುತ್ತದೆ. ನಾನು ಇದರ ಬಗ್ಗೆ ಎರಡು ಸೋಮವಾರ ಮೊದಲೇ ಎಚ್ಚರಿಸಿದ್ದೆ. ಚನ್ನಣ್ಣನಿಗೆ ಅದು ಬೀಜದ ವ್ಯಾಪಾರಿಯೊಬ್ಬರಿಂದ ಬಂತು. ಸಲಹೆ ಕೇಳಿದ್ದಾರಲ್ಲ, ಪಾಪ, ಎಂದು ತೆರೆದ.

ಅವನ ಕಂಪ್ಯೂಟರಿನಲ್ಲಿ ವೈರಸ್ಸಿನ ಕೈಗೆ ಸಿಕ್ಕಿದ್ದು ಮಗಳು ಶೈಲಾಳ ಮದುವೆಯ ಅಡುಗೆ ಪಟ್ಟಿ. ಅದು ಊರೆಲ್ಲ ಹೋಯಿತು. ಬೇರೆ ಊರಾಗಿದ್ದರೆ ಜನ ಅದನ್ನು ಅಳಿಸಿ ಸುಮ್ಮನಾಗುತ್ತಿದ್ದರೇನೋ. ನಮ್ಮವರು ಸಲಹೆ ಕೊಟ್ಟರು. ಓಣಿಯ ಕೊನೆಯ ಮನೆಯ ನಿವೃತ್ತ ಶಾಲಾ ಶಿಕ್ಷಕಿ, ನಾವೆಲ್ಲ ಅಕ್ಕೋರು ಎಂದು ಕರೆಯುವವರು, ಕೋಲು ಊರಿಕೊಂಡು ಬಂದು ಚನ್ನಣ್ಣನ ಪಡಸಾಲೆಯಲ್ಲಿ ಕೂತರು. "ಎರಡೂ ಸಿಹಿ ಕರದದ್ದ ಆಗ್ಯಾವಲ್ಲೋ ಚನ್ನಣ್ಣ. ಒಂದು ತಗದು ಮಾದ್ಲಿ ಮಾಡಸು. ನನ್ನ ಕೇಳಿದಿ, ಛಲೋ ಮಾಡಿದಿ" ಎಂದರು. ತಾರಿಹಾಳದಲ್ಲಿ ಸಣ್ಣ ಕಾರ್ಖಾನೆ ಇಟ್ಟುಕೊಂಡಿದ್ದ ವರನ ತಂದೆಗೂ ಪಟ್ಟಿ ಹೋಗಿತ್ತು. ಹೆಣ್ಣಿನ ಕಡೆಯವರು ಇಷ್ಟು ನಯವಾಗಿ ತಮ್ಮ ಅಭಿಪ್ರಾಯ ಕೇಳಿದರಲ್ಲ ಎಂದು ಅವರು ಕರಗಿಹೋಗಿ, ತಾವೇ ಫೋನು ಮಾಡಿ, ನಮ್ಮ ಕಡೆಯಿಂದ ಹೆಚ್ಚು ಮಂದಿ ಬರುವುದಿಲ್ಲ, ನೀವು ತ್ರಾಸು ಮಾಡಿಕೊಳ್ಳಬೇಡಿ ಎಂದರಂತೆ.

ಪಟ್ಟಿ ತೆರೆದವರ ಕಂಪ್ಯೂಟರಿನಿಂದ ಅವರವರ ಫೈಲುಗಳೂ ಹೊರಟವು. ಎರಡು ದಿನದಲ್ಲಿ ಇಡೀ ಓಣಿ ಒಬ್ಬರಿಗೊಬ್ಬರು ಸಲಹೆ ಕೇಳುತ್ತ, ಕೊಡುತ್ತ, ಹಿಂದೆಂದೂ ಇಲ್ಲದಷ್ಟು ಅನ್ಯೋನ್ಯವಾಗಿ ಕೂತಿತ್ತು. ನನ್ನೊಬ್ಬನನ್ನು ಬಿಟ್ಟು.

ನಮ್ಮಲ್ಲಿ ಯಾರ ಮನೆಯಲ್ಲಿ ಏನು ಕೆಟ್ಟರೂ ಮಾತಾಡಿಸಿಕೊಂಡು ಬರುವ ರೂಢಿ ಇದೆ. ವೈರಸ್ಸಿನ ದೆಸೆಯಿಂದ ಕಂಪ್ಯೂಟರ್ ಕೆಟ್ಟು ಅಂಗಡಿಯ ಲೆಕ್ಕ ಹೋಯಿತೆಂದು ಜನ ಚನ್ನಣ್ಣನನ್ನು ಮಾತಾಡಿಸಲು ಬರುತ್ತಲೇ ಇದ್ದರು. ಕೈಯಲ್ಲಿ ಬಾಳೆಹಣ್ಣು, ಬಾಯಲ್ಲಿ ಅಡುಗೆ ಪಟ್ಟಿಗೆ ತಿದ್ದುಪಡಿ. ಒಳಗಿನಿಂದ ಚಹಾದ ಮೇಲೆ ಚಹಾ. ನಾನು ನನ್ನ ಕಿಟಕಿಯಲ್ಲಿ ನಿಂತು ಇದನ್ನು ನೋಡಿದೆ. ಹೊಟ್ಟೆ ಉರಿಯಿತು, ಮುಚ್ಚಿಟ್ಟು ಏನು ಪ್ರಯೋಜನ? ಎಲ್ಲ ಬಿಟ್ಟು ಒಂದು ವೈರಸ್, ವಿವೇಚನೆಯಿಲ್ಲದೆ ಸಿಕ್ಕಸಿಕ್ಕವರ ಸಲಹೆ ಕೇಳುವ ವೈರಸ್, ಅದಕ್ಕೂ ನನ್ನ ಸಲಹೆ ಬೇಡವಾಯಿತು. ಅರಿಷಡ್ವರ್ಗದ ಪಟ್ಟಿಯಲ್ಲಿ ನಮ್ಮ ಹಿರಿಯರು ಮತ್ಸರವನ್ನು ಕೊನೆಗೆ ಇಟ್ಟದ್ದು ಏಕೆಂದು ಆಗ ಹೊಳೆಯಿತು. ಮೊದಲಿನ ಐದು ವಯಸ್ಸಾದಂತೆ ತಾವಾಗಿ ಸುಸ್ತಾಗುತ್ತವೆ. ಇದೊಂದು ಪಿಂಚಣಿ ಶುರುವಾದ ಮೇಲೂ ದುಡಿಯುತ್ತದೆ.

ಕೊನೆಗೆ ತಡೆಯಲಾರದೆ ನಾನೇ ಹೋಗಿ, ಕಂಪ್ಯೂಟರ್ ಸರಿ ಮಾಡಿಕೊಡುತ್ತೇನೆ ಎಂದೆ. ಚನ್ನಣ್ಣ ಬಹಳ ಸಂತೋಷಪಟ್ಟ. ಒಂದು ಭಾನುವಾರ ಪೂರ್ತಿ ಕೂತು ವೈರಸ್ ತೆಗೆದೆ, ಅದು ಮತ್ತೆ ಒಳಗೆ ಬರದಂತೆ ಕಾವಲು ಹಾಕಿದೆ. ಹೋಗಿದ್ದ ಲೆಕ್ಕದಲ್ಲಿ ಅರ್ಧ ಮರಳಿ ಸಿಕ್ಕಿತು. ಕೆಲಸ ಮುಗಿದ ಮೇಲೆ ವಿಳಾಸಗಳನ್ನು ಒಮ್ಮೆ ನೋಡಿದೆ. ಹಾಲಿನವನ ತಮ್ಮನಿದ್ದ, ಗ್ಯಾಸ್ ಏಜೆನ್ಸಿಯ ಗುಮಾಸ್ತನಿದ್ದ. ನಾನಿರಲಿಲ್ಲ. ಚನ್ನಣ್ಣ ಚಹಾ ತರಲು ಒಳಗೆ ಹೋದಾಗ ನನ್ನ ವಿಳಾಸವನ್ನು ನಾನೇ ಬರೆದು ಸೇರಿಸಿದೆ.

ಅಂದಿನಿಂದ ಕಾಯತೊಡಗಿದೆ. ಕಾಲೇಜಿನಿಂದ ಬಂದವನೇ ಅಂಗಿ ಬಿಚ್ಚುವ ಮೊದಲು ಮೋಡೆಮ್ ಕಿರುಚಿಸುತ್ತಿದ್ದೆ.

"ಏನ್ ನೋಡ್ಲಿಕ್ಕತ್ತೀರಿ ಅಷ್ಟು?" ಎಂದಳು ವತ್ಸಲಾ.

"ವೈರಸ್ ಬಂದದೇನು ನೋಡ್ಲಿಕ್ಕತ್ತೇನಿ."

"ಬರಬಾರ್ದಲಾ ಅದು?"

"ಬರಬಾರ್ದು."

"ಬಂದಿಲ್ಲಾ?"

"ಇಲ್ಲ."

"ಮತ್ತ ಮಾರಿ ಯಾಕ ಸಣ್ಣ ಮಾಡೀರಿ?" ಎಂದು ಒಳಗೆ ಹೋದಳು.

ಬರುವುದಾದರೂ ಹೇಗೆ? ಆ ಕಂಪ್ಯೂಟರನ್ನು ನಾನು ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದೆ. ಆದರೂ ಒಂದು ಸಂಜೆ ಬಂತು. ಚನ್ನಣ್ಣನ ಹೆಸರು, ಅದೇ ಇಂಗ್ಲಿಷ್ ಒಕ್ಕಣೆ, ಅಕ್ಷರಕ್ಕೆ ಅಕ್ಷರ: ಈ ಫೈಲ್ ಕಳಿಸುತ್ತಿದ್ದೇನೆ, ತಮ್ಮ ಸಲಹೆ ಬೇಕು. ಕೆಳಗೆ ಒಂದು ಫೈಲ್. ನನ್ನ ಕಾವಲನ್ನೂ ಮುರಿದು ಬಂದಿತಲ್ಲ ಎಂದು ವೈರಸ್ಸಿನ ಮೇಲೆ ಗೌರವ ಮೂಡಿತು. ವತ್ಸಲಾಳನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳು ಕೈ ಒರೆಸಿಕೊಳ್ಳುತ್ತ ಓದಿ, "ಚನ್ನಣ್ಣಾರು ಖರೇನ ಕೇಳಿದ್ದಿದ್ರ?" ಎಂದಳು. ಹೆಂಗಸರಿಗೆ ಕಂಪ್ಯೂಟರ್ ತಿಳಿಯುವುದಿಲ್ಲ ಎಂಬ ಧಾಟಿಯಲ್ಲಿ ನಕ್ಕೆ. ಸ್ವಲ್ಪ ಹೊತ್ತು ಆ ಮೇಲ್ ಅನ್ನು ಕಣ್ತುಂಬ ನೋಡಿ, ಆಮೇಲೆ ನಿಯಮದ ಪ್ರಕಾರ ಫೈಲ್ ತೆರೆಯದೆ ಅಳಿಸಿಹಾಕಿದೆ.

ಅಷ್ಟಕ್ಕೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮುಂದಿನ ಸೋಮವಾರದ ಅಂಕಣದಲ್ಲಿ ಅದನ್ನೇ ಬರೆದೆ. ನನಗೂ ಆ ವೈರಸ್ ಬಂದಿತ್ತು ಎಂದು ಎರಡು ಸಲ ಹೇಳಿದೆ. ನೋಡಿದ ಕೂಡಲೇ ಗುರುತಿಸಿ ಹೊಸಕಿಹಾಕಿದ ಪರಿಯನ್ನು ವರ್ಣಿಸಿದೆ. ಅದನ್ನು ಕಳಿಸಿದ ಮಹಾಶಯರಂಥ ಅಮಾಯಕರು ಇರುವವರೆಗೆ ಈ ದೇಶದಲ್ಲಿ ಯಾರ ಕಂಪ್ಯೂಟರೂ ಕ್ಷೇಮವಲ್ಲ ಎಂದು ಮುಗಿಸಿದೆ. ಹೆಸರು ಹಾಕದಿದ್ದದ್ದು ನನ್ನ ದೊಡ್ಡತನ.

ನನ್ನ ಅಂಕಣವನ್ನು ಯಾರಾದರೂ ತಪ್ಪದೆ ಓದುತ್ತಾರೆಂಬುದು ನನಗೆ ಆ ವಾರ ತಿಳಿಯಿತು. ಬುಧವಾರ ಸಂಜೆ ಚನ್ನಣ್ಣ ಬಂದ. ಬಗಲಲ್ಲಿ ಪತ್ರಿಕೆ, ಕೈಯಲ್ಲಿ ಮದುವೆಯ ಕಾರ್ಡುಗಳ ಕಟ್ಟು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಸರ, ಅದು ವೈರಸ್ ಅಲ್ರಿ" ಎಂದ. "ನಾನ ಕಳಿಸಿದ್ದೆ. ಪ್ರೆಸ್ಸಿನವರು ಕಾರ್ಡಿನ ಕರಡು ಕೊಟ್ಟಿದ್ರು. ಮಂದಿ ಎಲ್ಲಾರೂ ಒಂದೊಂದು ಸಲಹಾ ಕೊಟ್ಟು ತಲಿ ಕೆಡಿಸಿದ್ರು. ಕಾರ್ಡೊಂದು ಸರ್‌ನ ಕೇಳೂಣು, ಅವರು ತಿಳದವರು ಅಂತ, ನಿಮಗೊಬ್ಬರಿಗ ಕಳಿಸಿದ್ದೆ. ಇಂಗ್ಲಿಷ್ ಬರಿಯಾಕ ನನಗ ಎಲ್ಲಿ ಬರತೈತ್ರಿ? ಆ ವೈರಸ್ ಬರದಿತ್ತಲ್ಲ, ಅದು ಭಾಳ ಮರ್ಯಾದಿ ಇಂಗ್ಲಿಷ್ ಇತ್ತು. ಅದನ್ನ ನೋಡಿ ಬರದೆ."

ವತ್ಸಲಾ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಎಷ್ಟೋ ವರ್ಷಗಳಿಂದ ನಾನು ಬಾಯಿಬಿಟ್ಟು ಕಾಯುತ್ತಿದ್ದದ್ದು ನನ್ನ ಮನೆಯೊಳಗೆ ಬಂದು, ಹೆಸರು ಹೇಳಿ, ವಿನಯದಿಂದ ನಿಂತಿತ್ತು. ಅದನ್ನು ನಾನು ಹೊಸಕಿಹಾಕಿ ಪತ್ರಿಕೆಯಲ್ಲಿ ಬೇರೆ ಹೇಳಿಕೊಂಡಿದ್ದೆ.

"ನನ್ನಿಂದ ತಪ್ಪಾತರಿ ಚನ್ನಣ್ಣ. ಉತ್ತರ ಬರದಿದ್ದಕ್ಕ ನಿಮ್ಮ ಕೆಲಸ ನಿಂತಿತೇನೋ" ಎಂದೆ.

"ಇಲ್ರಿ. ನೀವು ಏನೂ ಅನ್ನಲಿಲ್ಲ ಅಂದಮ್ಯಾಲೆ ಎಲ್ಲಾ ಬರೋಬ್ಬರಿ ಐತಿ ಅಂತ ತಿಳಕೊಂಡ್ವಿ. ತಪ್ಪು ಕಂಡಿದ್ರ ಸುಮ್ಮಿರೂ ಮಂದಿ ಅಲ್ಲಲ್ರಿ ನೀವು. ಮರುದಿನಾನ ಪ್ರಿಂಟಿಗೆ ಕೊಟ್ಟೆ."

ನಾನು ಬದುಕಿನಲ್ಲಿ ಇಷ್ಟೊಂದು ಸಲಹೆ ಹಂಚಿದ್ದೇನೆ. ಅವುಗಳಲ್ಲಿ ಒಬ್ಬ ಮನುಷ್ಯ ನಂಬಿ, ಚಾಚೂ ತಪ್ಪದೆ ಪಾಲಿಸಿದ್ದು ನಾನು ಕೊಡದೇ ಇದ್ದ ಈ ಒಂದನ್ನು.

ಚನ್ನಣ್ಣ ಕಟ್ಟಿನಿಂದ ಒಂದು ಕಾರ್ಡು ತೆಗೆದು, ಮೂಲೆಗೆ ಅರಿಸಿನ ಹಚ್ಚಿದ್ದನ್ನು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕನ್ನಡಕ ಹಾಕಿಕೊಂಡು ಓದಿದೆ. ಮುಹೂರ್ತ ಸರಿಯಿತ್ತು, ಕಲ್ಯಾಣ ಮಂಟಪದ ವಿಳಾಸ ಸರಿಯಿತ್ತು. ಕೆಳಗೆ, ಸುಖಾಗಮನ ಬಯಸುವವರು ಎಂಬಲ್ಲಿ, ಓಣಿಯವರೆಲ್ಲರ ಹೆಸರಿಗಿಂತ ಮೇಲೆ ನನ್ನ ಹೆಸರಿತ್ತು. ಅದರ ಹಿಂದೆ ದಪ್ಪ ಅಕ್ಷರದಲ್ಲಿ "ಡಾ." ಎಂದು ಅಚ್ಚಾಗಿತ್ತು. ನಾನು ಡಾಕ್ಟರೇಟ್ ಮಾಡಿದವನಲ್ಲ. ಮಾಡಿದ ಸಹೋದ್ಯೋಗಿಗಳ ಬಗ್ಗೆ ನನಗೇನು ಅನಿಸುತ್ತದೆ ಎಂಬುದನ್ನು ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ. ಕಾರ್ಡು ಇನ್ನೂ ಹಂಚಿ ಮುಗಿದಿರಲಿಲ್ಲ. ಪ್ರತಿ ಕಾರ್ಡಿನ ಮೇಲೆ ಒಂದು ಸಣ್ಣ ಚೀಟಿ ಅಂಟಿಸಿದರೂ ಆಗುತ್ತಿತ್ತು.

ಚನ್ನಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. "ಏನರ ತಪ್ಪು ಐತೇನ್ರಿ ಸರ? ಈಗರ ಹೇಳ್ರಿ" ಎಂದ.

ನಾನು ಇನ್ನೊಮ್ಮೆ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದೆ.

"ಏನೂ ಇಲ್ಲರಿ, ಭಾಳ ಛಲೋ ಆಗೇದ" ಎಂದೆ. "ಒಂದು ನಾಕು ಕಾರ್ಡು ಜಾಸ್ತಿ ಇದ್ರ ಕೊಡ್ರಿ, ನಮ್ಮ ಕಾಲೇಜಿನವರನ್ನೂ ಕರೀತೇನಿ."