ಬೆಳ್ಳಿ ಕರಡಿಗೆಯ ಗುಮ್ಮಟ

ಅಡುಗೆಮನೆಯ ಮೂಲೆಯಲ್ಲಿರುವ ನಮ್ಮ ದೇವರ ಜಗುಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿ, ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದು ಬೆಳ್ಳಿಯ ಕರಡಿಗೆ ಇದೆ. ಅದರ ಮುಚ್ಚಳ ಥೇಟ್ ಗುಮ್ಮಟ. ತುದಿಗೊಂದು ಕಳಸ, ಅಂಚಿಗೆ ಸುತ್ತಲೂ ಸಣ್ಣ ಸಣ್ಣ ದಳಗಳು. ಒಳಗಿರುವುದು ಅಪ್ಪನ ಇಷ್ಟಲಿಂಗ. ನಮ್ಮಲ್ಲಿ ಮಗು ಹುಟ್ಟಿದಾಗ ಕೊರಳಿಗೆ ಕಟ್ಟುವ ಲಿಂಗ ಕೊನೆಗೆ ಆ ಜೀವದ ಜೊತೆಗೇ ಮಣ್ಣಿಗೆ ಹೋಗಬೇಕು, ಹಿಂದೆ ಉಳಿಯಬಾರದು. ಅಪ್ಪ ಮಣ್ಣಾಗಿ ನಾಳೆಗೆ ಒಂದು ವರ್ಷ. ಲಿಂಗ ಇಲ್ಲೇ ಉಳಿದಿದೆ. ಉಳಿಸಿದವಳು ನಾನು, ಅದೂ ಬೇಕೆಂದಲ್ಲ, ಬರೀ ಮರೆವಿನಿಂದ.

ಗುಮ್ಮಟ ಎಂದೊಡನೆ ಅಪ್ಪನ ನೆನಪಾಗುವುದಕ್ಕೆ ಕರಡಿಗೆಯೊಂದೇ ಕಾರಣವಲ್ಲ. ವಿಜಯಪುರದಲ್ಲಿ ಹುಟ್ಟಿ, ಗೋಳಗುಮ್ಮಟದ ನೆರಳಿನಲ್ಲಿ ಗೋಲಿಯಾಡಿ ಬೆಳೆದ ಅವರು, ಹೊಟ್ಟೆಪಾಡಿಗೆಂದು ಚೆನ್ನೈಗೆ ಬಂದು, ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಗುತ್ತಿಗೆದಾರರೊಬ್ಬರ ಬಳಿ ನಕ್ಷೆ ಬರೆಯುತ್ತಾ ಇಡೀ ಆಯುಷ್ಯ ಕಳೆದರು. ಉಳಿದ ಮಕ್ಕಳು ಭಾನುವಾರ ಬೀಚಿಗೆ ಹೋಗಿ ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತಿದ್ದರೆ ನಾನು ಸಮುದ್ರಕ್ಕೆ ಬೆನ್ನು ತಿರುಗಿಸಿ ನಿಂತು, ರಸ್ತೆಯಾಚೆಯ ವಿಶ್ವವಿದ್ಯಾಲಯದ ಗುಮ್ಮಟಗಳನ್ನು ಎಣಿಸಬೇಕಾಗುತ್ತಿತ್ತು. ಹೈಕೋರ್ಟಿನ ಕೆಂಪು ಗುಮ್ಮಟಗಳು, ಎಗ್ಮೋರ್ ನಿಲ್ದಾಣದ ಬಿಳಿ ಗುಮ್ಮಟ, ಮಸೀದಿಯ ಗುಮ್ಮಟ, ಎಲ್ಲಕ್ಕೂ ಅಪ್ಪನ ಹಾಜರಿ ಇತ್ತು. ಊರು ಬಿಟ್ಟು ಬಂದವರು ಪೇಟೆಯಲ್ಲಿ ಊರಿನವರ ಮುಖ ಹುಡುಕುತ್ತಾರಲ್ಲ, ಹಾಗೆ ಅಪ್ಪ ಗುಮ್ಮಟ ಹುಡುಕುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಸುಂಡಲ್ ತಪ್ಪಿದ್ದಷ್ಟೇ ಗೊತ್ತಾಗುತ್ತಿತ್ತು.

"ಇಷ್ಟ್ ದೊಡ್ಡದು ಕಂಬಾ ಇಲ್ದ ಹೆಂಗ ನಿಂತೈತಿ?" ಎಂದು ಒಮ್ಮೆ ಕೇಳಿದ್ದೆ. "ಎಲ್ಲಾ ಕಲ್ಲೂ ಬೀಳಾಕ ನೋಡ್ತಾವವ್ವಾ," ಎಂದಿದ್ದರು ಅಪ್ಪ, "ಒಂದರ ಮೈಮ್ಯಾಲ ಒಂದು ಒರಗ್ಯಾವ. ಅದಕ್ಕ ಯಾವುದೂ ಬೀಳಂಗಿಲ್ಲ." ನನಗಂತೂ ಗುಮ್ಮಟದ ವಿದ್ಯೆಯೆಲ್ಲ ಇಷ್ಟರಲ್ಲೇ ಮುಗಿದಂತೆ ತೋರುತ್ತದೆ. ಸಾವಿರಾರು ವರ್ಷಗಳಿಂದ ಮನುಷ್ಯ ಅರಸನಿಗೂ ದೇವರಿಗೂ ನ್ಯಾಯಕ್ಕೂ ಗೋರಿಗೂ ಇದೇ ಮಾಡನ್ನು ಕಟ್ಟುತ್ತ ಬಂದಿದ್ದಾನೆ. ಕಾಂಕ್ರೀಟು ಬಂದು ಚಪ್ಪಟೆ ಸೂರು ಅಗ್ಗವಾದ ಮೇಲೂ ಅದರ ಮೋಹ ಬಿಟ್ಟಿಲ್ಲ. ನೀವೇ ಗಮನಿಸಿ ನೋಡಿ: ಗುಮ್ಮಟದ ಕೆಳಗೆ ಕಾಲಿಟ್ಟವರು, ಎಂಥ ಅವಸರದವರೇ ಆಗಲಿ, ಒಂದು ಗಳಿಗೆ ತಲೆಯೆತ್ತುತ್ತಾರೆ, ದನಿ ತಗ್ಗಿಸುತ್ತಾರೆ. ಮಳೆಯಲ್ಲಿ ಮಗುವಿನ ತಲೆಯ ಮೇಲೆ ತಾಯಿ ಬೊಗಸೆ ಬೋರಲು ಹಿಡಿಯುತ್ತಾಳಲ್ಲ, ಆ ಬೋರಲು ಬೊಗಸೆಯನ್ನೇ ನಾವು ಇಟ್ಟಿಗೆ ಗಾರೆಗಳಲ್ಲಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದ್ದೇವೆಯೋ ಏನೋ. ನಮ್ಮ ಕೀಲ್ಪಾಕಿನ ಫ್ಲಾಟಿನಲ್ಲಿ ತಲೆಯೆತ್ತಿದರೆ ಕಾಣುವುದು ಫ್ಯಾನು ಮಾತ್ರ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಗೋಳಗುಮ್ಮಟ ತೋರಿಸಲು ಕರೆದೊಯ್ದರು. ಮೆಟ್ಟಿಲು ಹತ್ತಿ ಹತ್ತಿ ಕಾಲು ಸೋತ ಮೇಲೆ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನನ್ನನ್ನು ಗೋಡೆಗೆ ಕಿವಿಯಿಟ್ಟು ಕೂರಿಸಿ, ತಾವು ಸುತ್ತಿಕೊಂಡು ಎದುರು ಬದಿಗೆ ಹೋದರು. ಅಷ್ಟು ದೂರದಲ್ಲಿ ಅವರೊಂದು ಬಿಳಿಯ ಅಂಗಿಯಷ್ಟೇ. ಆ ಅಂಗಿ ಗೋಡೆಯತ್ತ ಬಾಗಿತು. ಮರುಕ್ಷಣ ನನ್ನ ಕಿವಿಯಲ್ಲೇ, ಹೆಗಲ ಹಿಂದೆ ಕುಳಿತು ಕೇಳಿದ ಹಾಗೆ, ಅಪ್ಪನ ಪಿಸುದನಿ: "ಊಟ ಆತೇನವ್ವಾ?"

ಅಂಥ ಅದ್ಭುತದ ಜಾಗದಲ್ಲಿ ನಿಂತು ಕೇಳಲು ಅವರಿಗೆ ಬೇರೆ ಮಾತೇ ಹೊಳೆದಿರಲಿಲ್ಲ. ನಾನು ಗೋಡೆಗೆ ಬಾಯಿಟ್ಟು ಪಿಸುಗುಟ್ಟಬೇಕಿತ್ತು, ಅದನ್ನು ಬಿಟ್ಟು ಎದ್ದು ನಿಂತು "ಅಪ್ಪಾ!" ಎಂದು ಕಿರುಚಿಬಿಟ್ಟೆ. ಗುಮ್ಮಟ ಏಳು ಸಲ "ಅಪ್ಪಾ" ಎಂದಿತು. ಕೆಳಗಿಳಿಯುವಾಗ ಅಪ್ಪ ನಗುತ್ತಾ, "ಕೂಗಿ ಕೂಗಿ ಗುಮ್ಮಟಾ ಎಬ್ಬಿಸಿದಿ, ನಾ ಕೇಳಿದ್ದಕ್ಕ ಉತ್ತರಾನ ಕೊಡ್ಲಿಲ್ಲಲ್ಲ," ಎಂದರು. ಆಮೇಲೆ ಎಷ್ಟೋ ವರ್ಷ ನನ್ನನ್ನು ಇದೇ ಮಾತಿನಲ್ಲಿ ಕಾಡಿಸಿದರು.

ಅವ್ವ ತೀರಿಕೊಂಡ ಮೇಲೆ ಅಪ್ಪ ನನ್ನ ಮನೆಯಲ್ಲೇ ಇದ್ದರು. ಕಳೆದ ವರ್ಷ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ ನಾನು ಅವಸರದಲ್ಲಿ ಮೊಸರನ್ನದ ಟಿಫಿನ್ ಕ್ಯಾರಿಯರನ್ನೂ ಒಯ್ದಿದ್ದೆ. ಒಳಗಿನ ವಾರ್ಡಿಗೆ ಕರೆದೊಯ್ಯುವ ಮುನ್ನ ನರ್ಸ್ ಅವರ ಕನ್ನಡಕ, ವಾಚು, ಶಿವದಾರ ಸಮೇತ ಕರಡಿಗೆ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು. ಅದನ್ನು ಕ್ಯಾರಿಯರಿನ ಚೀಲದ ತಳಕ್ಕೆ ತುರುಕಿ ಫಾರಂ ತುಂಬುತ್ತಾ ನಿಂತೆ. ಸ್ಟ್ರೆಚರಿನಿಂದ ಅಪ್ಪ ಕೇಳಿದರು, "ಊಟ ಆತೇನವ್ವಾ?" ನಾನು ತಲೆಯೆತ್ತದೆ, "ಒಂದ್ ನಿಮಿಷ ಇರಪ್ಪಾ," ಎಂದೆ. ತಲೆಯೆತ್ತುವಷ್ಟರಲ್ಲಿ ಸ್ಟ್ರೆಚರು ಬಾಗಿಲು ದಾಟಿತ್ತು. ಅಪ್ಪ ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಮಣ್ಣಿನ ಹೊತ್ತಿಗೆ, ಕ್ರಿಯೆ ಮಾಡಿಸಲು ಬಂದಿದ್ದ ಜಂಗಮ ಅಯ್ಯನವರು, "ಕೊರಳಾಗಿನ ಲಿಂಗ ಎಲ್ಲೈತಿ ತಾಯಿ?" ಎಂದು ಕೇಳಿದರೆ ನನಗೆ ಏನೂ ನೆನಪಿಗೆ ಬರಲೊಲ್ಲದು. "ಆಸ್ಪತ್ರ್ಯಾಗ ಎಲ್ಲೋ ಹೋತ್ರಿ," ಎಂದೆ, ಸುಳ್ಳೆಂದು ತಿಳಿಯದೆಯೇ ಹೇಳಿದ ಸುಳ್ಳು ಅದು. ಅವರು ತಮ್ಮ ಜೋಳಿಗೆಯಿಂದ ಹೊಸ ಲಿಂಗವೊಂದನ್ನು ತೆಗೆದು ಅಪ್ಪನ ಎಡ ಅಂಗೈಯಲ್ಲಿಟ್ಟರು. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಅಪ್ಪನನ್ನು ಕೂರಿಸಿದರು. ಗೂಡಿನ ಮೇಲ್ಭಾಗವನ್ನು ಕಮಾನಿನಂತೆ ದುಂಡಗೆ ತೆಗೆದಿದ್ದರು. ಅಪ್ಪನಿಗೆ ಕೊನೆಗೂ ಅರ್ಧ ಗುಮ್ಮಟ ಸಿಕ್ಕಿತಲ್ಲ ಎಂದುಕೊಂಡೆ.

ಐದನೆಯ ದಿನ ಅಡುಗೆಮನೆಯ ಬಾಗಿಲ ಹಿಂದೆ ತೂಗುಬಿದ್ದಿದ್ದ ಚೀಲದಿಂದ ಹುಳಿವಾಸನೆ ಬಂತು. ತೆಗೆದು ನೋಡಿದರೆ ಯಾರೂ ಮುಟ್ಟದ ಮೊಸರನ್ನ, ಅದರ ಕೆಳಗೆ ಕವರು, ಕವರಿನಲ್ಲಿ ಕರಡಿಗೆ. ಎಂಬತ್ತು ವರ್ಷ ಎದೆಯ ಮೇಲಿದ್ದದ್ದನ್ನು ಬಿಟ್ಟು, ಗುರುತಿಲ್ಲದ ಲಿಂಗ ಹಿಡಿದು ಅಪ್ಪ ಹೋಗಿದ್ದರು. ನೆಲದ ಮೇಲೆ ಕುಳಿತು ಅತ್ತೆ, ಅವರು ಸತ್ತ ದಿನಕ್ಕಿಂತ ಹೆಚ್ಚು ಅತ್ತೆ. ಅಯ್ಯನವರಿಗೆ ಫೋನು ಮಾಡಿದಾಗ, "ಲಿಂಗಕ್ಕ ಹೊಸಾದು ಹಳೇದು ಅಂತಿಲ್ಲ ತಾಯಿ, ಮನಸಿಗೆ ಹಚ್ಕೋಬ್ಯಾಡ. ವರ್ಷದ ದಿನಾ ಅವರ ಗದ್ದಿಗಿ ಮಣ್ಣಾಗ ಇಟ್ಟ ಬಾ," ಎಂದರು. ಒಂದು ವರ್ಷದ ವಾಯಿದೆ ಸಿಕ್ಕಿತೆಂದು ನನಗೆ ಒಳಗೊಳಗೇ ಸಮಾಧಾನವಾಯಿತು ಎಂದರೆ ನೀವು ಏನೆಂದುಕೊಳ್ಳುತ್ತೀರೋ.

ಆ ವಾಯಿದೆ ನಾಳೆಗೆ ಮುಗಿಯುತ್ತದೆ. ಇಟ್ಟುಕೊಳ್ಳಲೇ ಎಂದು ಬೆಳಿಗ್ಗೆ ಮಗಳೆದುರು ಬಾಯಿಬಿಟ್ಟೆ. ಕನ್ನಡ ಪೂರ್ತಿ ತಿಳಿದೂ ತಮಿಳಿನಲ್ಲೇ ಉತ್ತರಿಸುವ ಹುಡುಗಿ ಅವಳು. "ಅದು ತಾತಾವೋಡದು ತಾನೇಮ್ಮಾ, ಅವರುಕ್ಕೇ ಕುಡುತ್ತುಡು," ಎಂದಳು. ತಾತನದು ತಾತನಿಗೇ ಕೊಟ್ಟುಬಿಡು ಎಂಬ ಇಷ್ಟು ಸರಳ ಮಾತು ಕೇಳಿ, ಎದ್ದು ನಾಳೆಗೆ ಒಯ್ಯುವ ಚೀಲ ತೆಗೆದಿಟ್ಟೆ.

ಈಗ ಸ್ನಾನ ಮಾಡಿ ಬಂದು, ವರ್ಷದಲ್ಲಿ ಮೊದಲ ಸಲ ಮುಚ್ಚಳ ತೆಗೆದಿದ್ದೇನೆ. ಅಪ್ಪ ದಿನವೂ ಮಾಡುತ್ತಿದ್ದಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಕಪ್ಪಗೆ, ನುಣ್ಣಗೆ, ಅದೂ ಗುಮ್ಮಟವೇ. ಅದರ ಬೆನ್ನಿನ ಮೇಲೆ ಅಡುಗೆಮನೆಯ ಕಿಟಕಿ ಸಣ್ಣದಾಗಿ ಹೊಳೆಯುತ್ತಿದೆ. ಕಣ್ಣಿಗೊತ್ತಿಕೊಂಡೆ. ಈ ಸಲ ಕೂಗಲಿಲ್ಲ. ಗೋಡೆಗೆ ಬಾಗಿದ ಆ ಬಿಳಿಯ ಅಂಗಿಯನ್ನು ನೆನೆದು, ಅಂಗೈಯತ್ತ ಬಾಗಿ, ಅಪ್ಪನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳಿದೆ:

"ಆತಪ್ಪಾ. ನಿಂದಾತೇನು?"

ಲಿಂಗವನ್ನು ಮತ್ತೆ ಕರಡಿಗೆಯೊಳಗಿಟ್ಟೆ. ಆಮೇಲೆ ಮುಚ್ಚಳ ಹಾಕಿ, ನಾಳೆ ಒಯ್ಯುವ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.